ಬೆಳ್ಳಿಮುಖ ಮನೆಗೆ ಬಂದ ದಿನ

ಆಗಿದ್ದೆಲ್ಲ ಒಂದು ಬನ್ನಿನಿಂದ. ಪಾಪ, ಬನ್ನಿನದೇನೂ ತಪ್ಪಿರಲಿಲ್ಲ. ತಪ್ಪೆಲ್ಲ ಅದನ್ನು ಸುತ್ತಿಕೊಟ್ಟ ಕಾಗದದ್ದು.

ಟೈಲರ್ ದಿನದಂತೆ ಅಂದೂ ಬೆಳಿಗ್ಗೆ ಕೆಳಗಿನ ಬೇಕರಿಯಿಂದ ಬನ್ನು ತಂದು ಮಾವನ ಮುಂದೆ ಇಟ್ಟ. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೂತಿದ್ದರು ಅಂದರೆ, ಅತ್ತೆ ತೀರಿಕೊಂಡ ಮೇಲೆ ಕೂತವರು ಚಳಿಗಾಲ ಕಳೆದು ಬಿಸಿಲು ಬಂದರೂ ಎದ್ದಿರಲಿಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಟೈಲರೇ ಎತ್ತಿ ಕೂರಿಸಬೇಕು. ಆಯುಷ್ಯವೆಲ್ಲ ಬಸ್ಸು ಓಡಿಸಿದ ಮನುಷ್ಯ, ಈಗ ನಿಂತ ಬಸ್ಸಿನಂತೆ ಕಿಟಕಿಯಾಚೆ ನೋಡುತ್ತಿದ್ದರು. ಡಾಕ್ಟರು ಬಂದು ಮೊಣಕಾಲು ತಟ್ಟಿ ನೋಡಿ, "ಕಾಲಲ್ಲಿ ಏನೂ ದೋಷ ಇಲ್ಲ. ಮನಸ್ಸು ಏಳಬೇಕು ಅಷ್ಟೆ. ಹೀಗೇ ಕೂತಿದ್ರೆ ಮಾತ್ರ ಕಾಲು ನಿಜವಾಗ್ಲೂ ಹೋಗ್ಬಿಡುತ್ತೆ, ಆಮೇಲೆ ನನ್ನ ಕೇಳಬೇಡಿ" ಅಂದಿದ್ದರು. ಮನಸ್ಸು ಏಳುವುದಕ್ಕೆ ಮಾತ್ರೆ ಮಾತ್ರ ಬರೆದುಕೊಟ್ಟಿರಲಿಲ್ಲ.

ಮಾವ ಬನ್ನನ್ನು ಬಿಡಿಸಿದರು. ಎಣ್ಣೆ ಹತ್ತಿದ ಹಳೆಯ ಪತ್ರಿಕೆಯ ಹಾಳೆ. ಅದರಲ್ಲಿ ಹೊಳೆಯುವ ಮುಖವಾಡ, ಬಿಳಿ ಮೇಲಂಗಿ ತೊಟ್ಟು ಎದೆಯುಬ್ಬಿಸಿ ನಿಂತ ಒಬ್ಬ ಜಟ್ಟಿಯ ಚಿತ್ರ. ಮಾವನ ಕೈ ಅಲ್ಲೇ ನಿಂತಿತು.

"ಬೆಳ್ಳಿಮುಖ!" ಅಂದರು.

ಟೈಲರ್ ಬೆಚ್ಚಿಬಿದ್ದ. ಇಷ್ಟು ದಿನ "ಹೂಂ", "ಸಾಕು", "ಬೇಡ" ಈ ಮೂರೇ ಮಾತಿನಲ್ಲಿ ಸಂಸಾರ ನಡೆಸಿದ್ದ ಮನುಷ್ಯನ ಗಂಟಲಿಂದ ಅಷ್ಟು ದೊಡ್ಡ ಸದ್ದು ಬಂದಿತ್ತು. ಕಣ್ಣಲ್ಲಿ ನೀರೂ ಹೊಳೆಯುತ್ತಿತ್ತು. ಮರುಗಳಿಗೆ ಮಾವ ಮತ್ತೆ ಕಿಟಕಿಯ ಕಡೆ ತಿರುಗಿದರು, ಆದರೆ ಹಾಳೆಯನ್ನು ಕೈಯಿಂದ ಬಿಡಲಿಲ್ಲ.

ಟೈಲರ್ ಅಡುಗೆಮನೆಗೆ ಓಡಿದ. "ಲೇ, ನಿಮ್ಮಪ್ಪ ಮಾತಾಡಿದ್ರು ಕಣೇ! ಬೆಳ್ಳಿಮುಖ ಅಂದ್ರು!"

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅಯ್ಯೋ, ಆ ಟೀವಿ ಕುಸ್ತಿಯವನಲ್ವಾ? ನಾನು ಚಿಕ್ಕೋಳಿದ್ದಾಗ ಭಾನುವಾರ ಸಂಜೆ ಆಯ್ತು ಅಂದ್ರೆ ನಮ್ಮನೇಲಿ ಬೆಳ್ಳಿಮುಖ, ಬೆಳ್ಳಿಮುಖ ಅಂತ ಸೂರು ಹಾರೋ ಹಾಗೆ ಕೂಗಾಟ. ನಂಗೆ ಭಯ ಆಗಿ ಮಂಚದ ಕೆಳಗೆ ಹೋಗಿ ಕೂತ್ಕೋತಿದ್ದೆ." ಅಷ್ಟು ಹೇಳಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ರೀ, ಏನಾದ್ರೂ ಮಾಡಿ. ಅಪ್ಪ ಒಂದ್ಸಲ ಎದ್ದು ನಿಂತ್ರೆ ಸಾಕು ನಂಗೆ."

ಹೆಂಡತಿಯ ಕಣ್ಣೀರು ಕಂಡರೆ ನಮ್ಮ ಟೈಲರಿಗೆ ಬುದ್ಧಿ ನಿಲ್ಲುವುದಿಲ್ಲ. ನಿಂತಿದ್ದರೆ ಸೀದಾ ಅಂಗಡಿ ಬಾಗಿಲು ತೆಗೆದು ಹೊಲಿಗೆಗೆ ಕೂರುತ್ತಿದ್ದ. ಅವನು ಹೋಗಿದ್ದು ಬೇಕರಿಗೆ.

ಬೇಕರಿಯಲ್ಲಿ ಬೇಕರಿಯವನ ಜೊತೆಗೆ ಮಹಡಿ ಮೇಲಿನ ಡ್ರಿಲ್ ಮೇಷ್ಟ್ರೂ ಇದ್ದರು. ಶಾಲೆ ಬಿಟ್ಟು ವರ್ಷಗಳಾಗಿದ್ದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಬೆಳ್ಳಿಮುಖ ಅನ್ನುವ ಹೆಸರು ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ಎಳೆ ಹುಡುಗರಾದರು.

"ಆಹಾ, ಬೆಳ್ಳಿಮುಖ!" ಬೇಕರಿಯವನು ಎದೆ ಮೇಲೆ ಕೈಯಿಟ್ಟುಕೊಂಡ. "ಹಗ್ಗದ ಮೇಲೆ ಹತ್ತಿ ಹಾರ್ತಿದ್ದ ನೋಡಿ, ಹಕ್ಕಿ ಥರ! ನಮ್ಮಮ್ಮನ ಬಿಳಿ ಟವೆಲ್ ಕಟ್ಕೊಂಡು ನಾನೂ ಹಾರ್ತಿದ್ದೆ. ಆವಾಗ ನಾನು ತೆಳ್ಳಗಿದ್ದೆ."

"ನೀನು ಯಾವಾಗಯ್ಯಾ ತೆಳ್ಳಗಿದ್ದೆ?" ಅಂದರು ಮೇಷ್ಟ್ರು. "ಹೆಬ್ಬಾವು ಅಂತ ಒಬ್ಬ ಇದ್ದ, ಜ್ಞಾಪಕ ಇದೆಯಾ? ಕಾಲಲ್ಲೇ ಸುತ್ತಿ ಉಸಿರು ಕಟ್ಟಿಸೋನು. ಆಮೇಲೆ ಆ ಜೋಡಿ ಗೂಳಿಗಳು. ಆಮೇಲೆ ಆ ಕಲ್ಲುಕುಟಿಗ, ಥೂ! ಹರಕು ಬನೀನು ಹಾಕ್ಕೊಂಡು ಬರೋನು. ನಮ್ಮ ಬೀದಿಯವರೆಲ್ಲ ಅವನಿಗೆ ಛೀ ಅಂತಿದ್ವಿ. ಬೆಳ್ಳಿಮುಖನ ಥರ ಬೀರು ಮೇಲಿಂದ ಹಾರಿ ಕಳಕೊಂಡಿದ್ದು ಈ ಹಲ್ಲು." ಬಾಯಗಲಿಸಿ ಖಾಲಿ ಜಾಗ ತೋರಿಸಿದರು. ಹೆಮ್ಮೆಯಿಂದಲೇ ತೋರಿಸಿದರು ಅನ್ನಿ.

ಒಂದೇ ಟೀವಿಯ ಮುಂದೆ ಬೀದಿಯ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಕೂತು ನೋಡಿದ ಕಾಲ ಅದು. ಅದು ಮತ್ತೆ ಬರುವುದಿಲ್ಲ ಅನ್ನುವುದು ಮೂವರಿಗೂ ಗೊತ್ತಿತ್ತು, ಮೂವರಿಗೂ ಅದರಿಂದ ಸಂಕಟವಾಗುತ್ತಿತ್ತು.

"ಬೆಳ್ಳಿಮುಖ ಎದುರಿಗೆ ಬಂದು ನಿಂತ್ರೆ ನಿಮ್ಮ ಮಾವ ಎದ್ದೇ ಏಳ್ತಾರೆ. ಬರೆದಿಟ್ಕೊಳಿ" ಅಂದ ಬೇಕರಿಯವನು.

"ಅವನನ್ನ ಎಲ್ಲಿಂದ ತರಲಿ ಮಾರಾಯಾ? ಇದ್ದಾನೋ ಇಲ್ವೋ!"

"ಅವನ ಮುಖ ಯಾರು ನೋಡಿದಾರೆ? ಮುಖವಾಡದೊಳಗೆ ಯಾರಿದ್ರೂ ಬೆಳ್ಳಿಮುಖನೇ. ಬಾಯಿ ಬೇರೆ ಬಿಡ್ತಾ ಇರಲಿಲ್ಲ ಅವನು. ಇನ್ನೇನು ಕಷ್ಟ?"

ಯಾರು ಆಗಬೇಕು ಅನ್ನುವ ಮಾತು ಬಂತು. ಬೇಕರಿಯವನಿಗೆ ಒಲೆ ಬಿಟ್ಟು ಬರುವ ಹಾಗಿಲ್ಲ. ಮೇಷ್ಟ್ರಿಗೆ ಸೊಂಟ ಹಿಡಿದಿದೆ. ಇಬ್ಬರೂ ಟೈಲರನ್ನು ಮೇಲಿಂದ ಕೆಳಗೆ ನೋಡಿದರು. ಬೀದೀಲಿ ಹೋಗೋ ಮಾರಿಯನ್ನು ಮನೆಗೆ ಕರೆದಂತಾಯಿತು ಅವನ ಪಾಡು.

"ಮುಖವಾಡ ಹೊಲಿಯೋರು ನೀವೇ. ಅಳತೆನೂ ನಿಮ್ಮದೇ ಇರಲಿ ಬಿಡಿ" ಅಂದರು ಮೇಷ್ಟ್ರು.

ಟೈಲರ್ ಅಂಗಡಿಯ ಬಾಗಿಲು ಹಾಕಿಕೊಂಡು ತನ್ನ ಎದೆಗೆ ತಾನೇ ಟೇಪು ಸುತ್ತಿದ. ಊರವರ ಅಳತೆಯೆಲ್ಲ ತೆಗೆದ ಕೈ, ತನ್ನದನ್ನು ತೆಗೆದಿದ್ದು ಇದೇ ಮೊದಲು. ಬಂದ ಅಂಕಿ ನೋಡಿ ಬೇಜಾರಾಯಿತು; ಇನ್ನೊಂದು ಸಲ ಎದೆಯುಬ್ಬಿಸಿ ತೆಗೆದ. ಅದೇ ಬಂತು. ಶಾಲೆಯ ನಾಟಕದಲ್ಲಿ ಚಂದ್ರನ ವೇಷಕ್ಕೆಂದು ತಂದು ಉಳಿದ ಮಿರಿಮಿರಿ ಬಟ್ಟೆಯಿತ್ತು. ಅದರಲ್ಲಿ ಮುಖವಾಡ, ಕಿಟಕಿ ಪರದೆಯಲ್ಲಿ ಮೇಲಂಗಿ. ಎದೆಗೂ ತೋಳಿಗೂ ಎರಡು ದಿಂಬಿನ ಹತ್ತಿ ತುಂಬಿದ. ಕನ್ನಡಿ ನೋಡಿದರೆ ಜಟ್ಟಿ ಕಾಣಲಿಲ್ಲ, ಬಟ್ಟೆ ಗಂಟಿಗೆ ಕಾಲು ಬಂದಂತಿತ್ತು.

ಹೊರಗೆ ಹೆಜ್ಜೆಯಿಡುವಷ್ಟರಲ್ಲಿ ಬ್ಯಾಂಕಿನ ಮೇಡಮ್ಮು ಎದುರಾದರು. "ಯಾರಪ್ಪ ನೀನು? ಟೈಲರ್ ಎಲ್ಲಿ? ನನ್ನ ಕೋಟು ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ತಿರುಗಿಸ್ತಾನೇ ಇದಾನೆ!"

ಬೆಳ್ಳಿಮುಖ ಬಾಯಿ ಬಿಡುವ ಹಾಗಿಲ್ಲ. ಕೈ ಆಡಿಸಿದ.

"ಸಿಕ್ಕಿದ್ರೆ ಹೇಳು, ಅವನಂಥ ಸುಳ್ಳ, ಸೋಮಾರಿ ಈ ಬೀದೀಲೇ ಇನ್ನೊಬ್ಬ ಇಲ್ಲ ಅಂತ. ಹೇಳ್ತೀಯಾ?"

ಬೆಳ್ಳಿಮುಖ ವಿನಯದಿಂದ ತಲೆಯಾಡಿಸಿದ. ತಲೆಯಾಡಿಸಿದ್ದೇ ತಪ್ಪಾಯಿತು, ಕಣ್ಣಿನ ತೂತುಗಳು ಕಿವಿಯ ಕಡೆಗೆ ಜಾರಿದವು. ಅಲ್ಲಿಂದ ಮುಂದೆ ಲೋಕವೇ ಕತ್ತಲು. ಗೋಡೆ ತಡವುತ್ತ ಮೆಟ್ಟಿಲು ಹತ್ತಿ, ಒಂದು ಕಡೆ ಎಡವಿ, ತೋಳಿನ ಹತ್ತಿಯೆಲ್ಲ ಮೊಣಕೈಗೆ ಇಳಿದು, ಮಧ್ಯಾಹ್ನದ ಹೊತ್ತಿಗೆ ಹೇಗೋ ಮನೆ ಬಾಗಿಲು ಮುಟ್ಟಿದ. ಬೇಕರಿಯವನೂ ಮೇಷ್ಟ್ರೂ ಮೊದಲೇ ಬಂದು ಗೋಡೆಗೊರಗಿ ನಿಂತಿದ್ದರು. ಒಲೆ, ಸೊಂಟ ಯಾವುದೂ ಈಗ ಅಡ್ಡ ಬರಲಿಲ್ಲ.

ಮೇಷ್ಟ್ರು ಸೀಟಿ ಊದಿದರು. "ಬಂದಿದ್ದಾನೆ, ಬಂದಿದ್ದಾನೆ! ಸೋಲಿಲ್ಲದ ಸರದಾರ, ಬೆಳ್ಳಿಮುಖ!"

ಟೈಲರ್ ಮುಖವಾಡ ಸರಿಪಡಿಸಿಕೊಂಡು, ಕೋಣೆಯ ನಡುವೆ ನಿಂತು ಎರಡೂ ತೋಳು ಮೇಲೆತ್ತಿದ. ಕಂಕುಳಿನ ಹೊಲಿಗೆ ಪರ್ರ್ ಅಂತ ಬಿಟ್ಟಿತು. ಒಂದು ಹಿಡಿ ಹತ್ತಿ ನೆಲಕ್ಕೆ ಬಿತ್ತು.

ಮಾವ ನೋಡಿದರು. ಬಹಳ ಹೊತ್ತು ನೋಡಿದರು. ಬಾಗಿಲಿನ ಕಡೆ ಒಮ್ಮೆ, ಅಲ್ಲಿ ನಿಂತವರ ಕಡೆ ಒಮ್ಮೆ, ಮತ್ತೆ ಇವನ ಕಡೆ. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ತೋಳೆತ್ತಿದ ಟೈಲರಿಗೆ ನಾಚಿಕೆ ಅಂಗಾಲಿನಿಂದ ಏರುತ್ತ ಬಂತು.

ಆಗ ಕುರ್ಚಿ ಕಿರುಗುಟ್ಟಿತು. ಮಾವ ಅದರ ಕೈಗಳನ್ನು ಅದುಮಿ ಹಿಡಿದರು. ಮೊಣಕಾಲು ಲಟಲಟ ಅಂದವು. ಮನುಷ್ಯ ಎದ್ದು ನಿಂತರು!

"ಅಪ್ಪಾ!" ಅಂದಳು ಮಗಳು.

ಟೈಲರ್ ಮುಖವಾಡದೊಳಗೆ ಗಳಗಳ ಅತ್ತುಬಿಟ್ಟ. ಮಾವ ತನ್ನನ್ನು ತಬ್ಬಿಕೊಳ್ಳುತ್ತಾರೆ ಅಂದುಕೊಂಡು ಕೈ ಚಾಚಿದ. ಮಾವ ಬಂದರು, ಒಂದೊಂದೇ ಹೆಜ್ಜೆ. ಬಂದು ಅವನ ಕುತ್ತಿಗೆಯನ್ನು ಕಂಕುಳಲ್ಲಿ ಅಮುಕಿ ಹಿಡಿದರು.

"ಸಿಕ್ದೆಯಾ ಕಳ್ಳಾ! ನಮ್ಮ ಕಲ್ಲುಕುಟಿಗನಿಗೆ ಹಿಂದಿನಿಂದ ಸ್ಟೂಲು ತಗೊಂಡು ಹೊಡೆದವನು ನೀನೇ ಅಲ್ವೇನೋ? ರೆಫರಿ ನೋಡದೆ ಇದ್ರೆ ನಾನೂ ನೋಡಿಲ್ಲ ಅಂದ್ಕೊಂಡ್ಯಾ?"

ಬೀದಿಗೆ ಬೀದಿಯೇ ಬೆಳ್ಳಿಮುಖನ ಭಕ್ತರಾಗಿದ್ದ ಕಾಲದಲ್ಲಿ ಕಲ್ಲುಕುಟಿಗನಿಗೂ ಒಬ್ಬ ಅಭಿಮಾನಿ ಇರಬಹುದು ಅಂತ ಈ ಮೂವರು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾವ, ಅಳಿಯ ಇಬ್ಬರೂ ದೊಪ್ಪೆಂದು ಹಾಸಿಗೆ ಮೇಲೆ ಬಿದ್ದರು. ಅಳಿಯ ಕೆಳಗೆ, ಮಾವ ಮೇಲೆ. ಹತ್ತಿ ಕೋಣೆ ತುಂಬ ಹಾರಾಡಿತು. ಡ್ರಿಲ್ ಮೇಷ್ಟ್ರು ಹಿಡಿದ ಸೊಂಟ ಮರೆತು ನೆಲಕ್ಕೆ ಬಿದ್ದು, ಹಾಸಿಗೆ ಬಡಿದು, "ಒಂದು! ಎರಡು! ಮೂರು!" ಅಂದೇಬಿಟ್ಟರು. ಬೇಕರಿಯವನು ಚಪ್ಪಾಳೆ ತಟ್ಟಿದ. ಅದೂ ಮಾವನಿಗೆ.

ಬೆಳ್ಳಿಮುಖ ಕುಂಟುತ್ತ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಟೈಲರ್ ಕುಂಟುತ್ತ ಒಳಗೆ ಬಂದ. ಅಂಗಡಿಯಲ್ಲಿ ಜಾರಿ ಬಿದ್ದೆ ಅಂದ.

ಸಂಜೆ ಅವನು ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಬೋರಲು ಮಲಗಿದ್ದಾಗ, ಮಾವ ತಾವೇ ನಡೆದು ಬಂದು ಪಕ್ಕದಲ್ಲಿ ಕೂತರು.

"ನೀವು ಇರಬೇಕಿತ್ತು ಅಳಿಯಂದ್ರೇ. ಬೆಳ್ಳಿಮುಖ ಬಂದಿದ್ದ. ಚೆನ್ನಾಗಿ ಕೊಟ್ಟೆ."

"ಹೌದಾ ಮಾವ? ನಿಮ್ಮ ಮಗಳು ನಿಮಗೆ ಅವನು ಅಂದ್ರೆ ಪ್ರಾಣ ಅಂದಿದ್ಲು."

"ಕೂಗ್ತಿದ್ದಿದ್ದು ಅವಳ ಅಮ್ಮ. ಅವಳು ಬೆಳ್ಳಿಮುಖನ ಕಡೆ, ನಾನು ಕಲ್ಲುಕುಟಿಗನ ಕಡೆ. ಸೋಲೋಕೇ ಅಂತ ಸಂಬಳ ತಗೊಳ್ಳೋನು ಕಣ್ರೀ ಅವನು. ಆದ್ರೂ ಪ್ರತಿ ವಾರ ಬರೋನು. ಅದಕ್ಕೇ ಇಷ್ಟ ನಂಗೆ." ಮಾವ ನಕ್ಕರು. ಆಮೇಲೆ ನಗು ನಿಂತಿತು. "ಭಾನುವಾರ ಶುರುವಾದ ಜಗಳ ಶನಿವಾರದವರೆಗೂ ಎಳೀತಿದ್ವಿ ನಾವಿಬ್ರು. ಅವಳು ಹೋದ ಮೇಲೆ ನಂಗೆ ಜಗಳಕ್ಕೆ ಯಾರಿದಾರೆ ಹೇಳಿ? ನೀವಿಬ್ರೂ ತುಂಬ ಒಳ್ಳೆಯವರು. ಏನಂದ್ರೂ ಹೂಂ ಅಂತೀರಿ. ಎದ್ದು ಏನು ಮಾಡಲಿ ಅನ್ನಿಸ್ತಿತ್ತು."

ಟೈಲರ್ ಅದಕ್ಕೂ "ಹೂಂ" ಅಂದ. ಮಾವ ಎದ್ದು ಕೋಣೆಗೆ ಹೋದರು.

ಹೆಂಡತಿ ಬಿಸಿನೀರು ಬದಲಾಯಿಸಲು ಬಂದಳು. ಕಣ್ಣು ಕೆಂಪಗಿತ್ತು, ಮುಖದಲ್ಲಿ ನಗುವಿತ್ತು. ಕಿವಿಯ ಹತ್ತಿರ ಬಗ್ಗಿ, "ರೀ, ಅಪ್ಪಂಗೆ ಮೊದಲಿಂದ್ಲೂ ಗೊತ್ತಿತ್ತಂತೆ" ಅಂದಳು.

"ಏನು ಗೊತ್ತಿತ್ತು?"

"ನೀವೇ ಅಂತ. ಚಪ್ಪಲಿ ಬಾಗಿಲಾಚೆ ಬಿಟ್ಟು, ಜೋಡಿಸಿಟ್ಟು ಒಳಗೆ ಬರೋ ಕುಸ್ತಿ ಪೈಲ್ವಾನ್ ಈ ಲೋಕದಲ್ಲಿ ಇನ್ಯಾರಿದಾರೆ ಅಂದ್ರು."

ಟೈಲರ್ ದಡಕ್ಕನೆ ಏಳಲು ಹೋಗಿ "ಅಮ್ಮಾ" ಅಂತ ಮತ್ತೆ ಬಿದ್ದ. "ಗೊತ್ತಿದ್ದೂ ಆ ಪಾಟಿ ಅಮುಕಿದ್ರಾ?"

"ಗೊತ್ತಿದ್ದಿದ್ದಕ್ಕೇ ಎದ್ದಿದ್ದಂತೆ. 'ಬೇಕರಿಯವನ ಮುಂದೆ, ಮೇಷ್ಟ್ರ ಮುಂದೆ, ಹತ್ತಿ ಉದುರಿಸ್ಕೊಂಡು ಅಳಿಯಂದ್ರು ನಿಂತಿದಾರೆ. ನಾನು ಕೂತೇ ಇದ್ದಿದ್ರೆ ಅವರ ಮರ್ಯಾದೆ ಏನಾಗಬೇಕು? ಅದಕ್ಕೇ ಎದ್ದೆ' ಅಂದ್ರು." ಅವಳು ಮೂಗು ಒರೆಸಿಕೊಂಡಳು. "ನಿಮಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದಾರೆ. ಕುಸ್ತಿ ಬರೀ ನಾಟಕ ಅಂತ ನೋಡೋರಿಗೂ ಗೊತ್ತಿರುತ್ತಂತೆ. ಬಾಯಿ ಬಿಡಬಾರದಂತೆ. ಬಿಟ್ರೆ ಆಟ ಅಲ್ಲಿಗೆ ಮುಗೀತಂತೆ. ನಿಮ್ಮ ದಮ್ಮಯ್ಯ, ನೀವೂ ಬಿಡಬೇಡಿ."

ಟೈಲರ್ ದಿಂಬಿಲ್ಲದ ಹಾಸಿಗೆಗೆ ಮುಖ ಒತ್ತಿಕೊಂಡ. ಅತ್ತನೋ ನಕ್ಕನೋ, ಬೆನ್ನು ಮಾತ್ರ ಅಲುಗುತ್ತಿತ್ತು, ಅಲುಗಿದಷ್ಟೂ ನೋಯುತ್ತಿತ್ತು.

ಕೋಣೆಯಿಂದ ಮಾವನ ಧ್ವನಿ ಬಂತು. "ಅಳಿಯಂದ್ರೇ! ನಾಳೆ ಸಂಜೆ ಬೇಕರಿ ಮುಂದೆ ರಿಟರ್ನ್ ಮ್ಯಾಚು. ಮೇಷ್ಟ್ರಿಗೆ ಹೇಳಿ ಕಳಿಸಿದೀನಿ. ನಾನೇ ಮೆಟ್ಟಿಲಿಳಿದು ಬರ್ತೀನಿ. ಬೆಳ್ಳಿಮುಖ ಬರ್ತಾನಲ್ವಾ?"

ಟೈಲರ್ ಹೆಂಡತಿಯನ್ನು ನೋಡಿದ. ಅವಳು ಕೈ ಮುಗಿದಳು.

"ಬರ್ತಾನೆ ಮಾವ."

"ಇವತ್ತಿನ ಥರ ನೀವು ತಪ್ಪಿಸ್ಕೋಬಾರದು. ನನ್ನ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಬೇಕು. ಬರ್ತೀರಲ್ಲಾ?"

"ನಾನೂ ಬರ್ತೀನಿ ಮಾವ" ಅಂದ ಟೈಲರ್. ಬೇರೆ ಏನು ಅನ್ನಲಿ?

"ಹಾಗಾದ್ರೆ ಬೇಗ ಮಲಗಿ, ಬೆನ್ನಿಗೆ ಎಣ್ಣೆ ಹಚ್ಚಿಸ್ಕೊಳಿ" ಅಂದರು ಮಾವ. "ಅವನೂ ಪಾಪ, ಎಲ್ಲೋ ಹೀಗೇ ಮಲಗಿರ್ತಾನೆ."