ಮುಚ್ಚಳದ ಮೇಲಿನ ಹೆಸರು

ಹೆಸರನ್ನು ತಟ್ಟೆಯ ತಳಕ್ಕೆ ಬರೆಯಬೇಕು, ಮುಚ್ಚಳಕ್ಕಲ್ಲ ಎಂದು ಪ್ರೊಫೆಸರ್ ಹ್ಯಾನ್ಲನ್ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಬಾಯಲ್ಲೂ ಹೇಳಿದ್ದರು. ಅವರು ಹೇಳುವ ಹೊತ್ತಿಗೆ ಎವರಿಸ್ಟೊ ಬೊರ್ಬಾ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದ. ಅದು ಅವನ ತಪ್ಪಲ್ಲ. ಬೆಳಕು ಹರಿಯುವ ಮೊದಲೇ ಡೈರಿಯಲ್ಲಿ ಹಸುಗಳ ಹಾಲು ಕರೆದು, ಅದೇ ಬೂಟಿನಲ್ಲಿ ಕಾಲೇಜಿಗೆ ಬಂದು ಕೂರುವವನಿಗೆ ಕಣ್ಣು ತೆರೆದಿಟ್ಟುಕೊಳ್ಳುವುದೇ ದೊಡ್ಡ ಸಾಧನೆ. ಅವನ ಪಕ್ಕದ ಬೆಂಚುಗಳು ಸದಾ ಖಾಲಿ ಇರುತ್ತಿದ್ದವು, ಕಾರಣ ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಎವರಿಸ್ಟೊನಿಗೆ ಮೂವತ್ತನಾಲ್ಕು. ಅವನ ಅಜ್ಜ ಅಝೋರ್ಸ್ ದ್ವೀಪಗಳಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದಾಗ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು. ಅಪ್ಪ ತನ್ನ ಹೆಸರನ್ನು ಬರೆಯಲು ಕಲಿತ, ಆದರೆ ಅದನ್ನು ಓದಲು ಬೇರೆಯವರಿಗೆ ಆಗುತ್ತಿರಲಿಲ್ಲ. ಮೂರನೆಯ ತಲೆಮಾರಿನಲ್ಲಾದರೂ ಮನೆಯಲ್ಲೊಬ್ಬ ಪದವೀಧರ ಆಗಬೇಕೆಂದು ಎವರಿಸ್ಟೊ ಹಟ ಹಿಡಿದಿದ್ದ. ಎರಡು ವರ್ಷ ಊರಿನ ಈ ಅಗ್ಗದ ಕಾಲೇಜು, ಆಮೇಲೆ ಯೂನಿವರ್ಸಿಟಿಗೆ ವರ್ಗ, ಅಲ್ಲಿ ಬಯಾಲಜಿಯಲ್ಲಿ ಡಿಗ್ರಿ. ಕಾಲೇಜಿನ ಸಲಹೆಗಾರ ಮೊದಲ ದಿನವೇ ದಾರಿ ತೋರಿಸಿದ್ದ.

“ಬಯಾಲಜಿ ಅಂದ್ರೆ ಬಯಾಲಜಿ, ಗುರು. ಈ ಕ್ಲಾಸಲ್ಲಿ ಒಂದು ‘ಎ’ ತಗೊ ಸಾಕು. ಯೂನಿವರ್ಸಿಟಿ ಬಾಗಿಲು ತಾನೇ ತೆರ್ಕೊಳುತ್ತೆ.”

ಆ ಸಲಹೆಗಾರ ಮುಂದಿನ ಸೆಮಿಸ್ಟರಿಗೆ ಮನೆ ಮಾರುವ ಕೆಲಸ ಸಿಕ್ಕಿ ಹೊರಟುಹೋದ. ಎವರಿಸ್ಟೊ ಮಾತ್ರ ಅವನ ಮಾತನ್ನು ವೇದವಾಕ್ಯ ಮಾಡಿಕೊಂಡು ಉಳಿದ. ಈಗ ಆ ‘ಎ’ ಕೈಗೆ ಬರುವುದು ಕೊನೆಯ ಪ್ರಯೋಗದ ಮೇಲೆ ನಿಂತಿತ್ತು.

ಪ್ರಯೋಗ ಸರಳ. ಕ್ರಿಮಿಗಳು ಬೆಳೆಯುವ ಜೆಲ್ಲಿ ತುಂಬಿದ ಮೂರು ಗಾಜಿನ ತಟ್ಟೆ. ಒಂದು ಅಡುಗೆಮನೆಯಲ್ಲಿ ಹತ್ತಿ ಸುತ್ತಿದ ಕಡ್ಡಿ ಆಡಿಸಿ ಅದನ್ನು ಮೊದಲ ತಟ್ಟೆಗೆ ಗೀಚಬೇಕು. ಇನ್ನೊಂದು ಅಡುಗೆಮನೆಯದು ಎರಡನೆಯ ತಟ್ಟೆಗೆ. ಮೂರನೆಯದನ್ನು ಯಾರೂ ಮುಟ್ಟಬಾರದು. ಅದು ಸಾಕ್ಷಿ ತಟ್ಟೆ, ಕೊನೆಯವರೆಗೆ ಬೋಳಾಗಿಯೇ ಇರಬೇಕು. ಮೂರನ್ನೂ ಬೆಚ್ಚನೆಯ ಕಪಾಟಿನಲ್ಲಿಟ್ಟು ಮೂರು ದಿನ ಬಿಟ್ಟು ನೋಡಿದರೆ ಯಾರ ಅಡುಗೆಮನೆಯಲ್ಲಿ ಎಷ್ಟು ಜೀವರಾಶಿ ಇದೆಯೆಂದು ತಿಳಿಯುತ್ತದೆ. ಅದನ್ನು ಅದೇ ದಿನ ತರಗತಿಯ ಮುಂದೆ ನಿಂತು ವಿವರಿಸಬೇಕು.

ಎಡವಟ್ಟಾದದ್ದು ಅಡುಗೆಮನೆಗಳ ಆಯ್ಕೆಯಲ್ಲಿ. ಒಂದು ತಿಯಾ ಡಿಯೊಲಿಂಡಾಳದು. ತಿಯಾ ಎಂದರೆ ಅತ್ತೆ. ಆ ಬೀದಿಯಲ್ಲಿ ಐವತ್ತು ದಾಟಿದ ಹೆಂಗಸರೆಲ್ಲ ಎಲ್ಲರಿಗೂ ಅತ್ತೆಯರೇ. ಎವರಿಸ್ಟೊ ಇದ್ದದ್ದು ಅವಳ ಹಿತ್ತಲಿನ ಕೋಣೆಯಲ್ಲಿ, ಉಣ್ಣುತ್ತಿದ್ದದ್ದು ಅವಳ ಮೇಜಿನಲ್ಲಿ. ಚರ್ಚಿನ ಹಬ್ಬಕ್ಕೆ ಊರಿಗೆಲ್ಲ ದನದ ಮಾಂಸದ ಸಾರು ಬೇಯಿಸುವ ಯಜಮಾನಿಕೆ ಮೊದಲಿಂದಲೂ ಅವಳದೇ. ಇನ್ನೊಂದು ಎದುರುಮನೆಯ ತಿಯಾ ಫಿಲೊಮೆನಾಳ ಅಡುಗೆಮನೆ. ಆ ಯಜಮಾನಿಕೆ ಯಾವಾಗ ಕೈಗೆ ಸಿಗುತ್ತದೋ ಎಂದು ಅವಳು ಸಿಹಿ ಬ್ರೆಡ್ಡು ಬೇಯಿಸುತ್ತ ಕಾಯುತ್ತಿದ್ದಳು. ಹಬ್ಬ ಈ ಭಾನುವಾರ.

ಸೋಮವಾರ ಎವರಿಸ್ಟೊ ಮೂರು ಮುಚ್ಚಳಗಳ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದು ಲ್ಯಾಬಿಗೆ ಹೊತ್ತು ತಂದ. ಕಪಾಟಿನ ಮುಂದೆ ನಿಂತಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬೆಚ್ಚಿಬಿದ್ದ. ಮುಚ್ಚಳಗಳು ಮೂರು ದಿಕ್ಕಿಗೆ ಹಾರಿದವು, ಎರಡು ತಟ್ಟೆ ಮೇಜಿನ ಮೇಲೆ ಕೂತವು, ಮೂರನೆಯದು ನೆಲಕ್ಕೆ ಹೊರಟಿತು. ಆದರೆ ಇಪ್ಪತ್ತು ವರ್ಷ ಹಾಲಿನ ಬಕೆಟ್ಟು ಹಿಡಿದ ಕೈ ಅದು. ಹಿಂದೊಮ್ಮೆ ದೊಡ್ಡಿಯ ಗೇಟಿಗೆ ಸಿಕ್ಕಿ ಹೆಬ್ಬೆರಳಿಗೆ ಅಡ್ಡಡ್ಡ ಗಾಯದ ಗೆರೆ ಬಿದ್ದಿದ್ದರೂ ಚುರುಕು ಹೋಗಿರಲಿಲ್ಲ. ಗಪ್ಪನೆ ಹಿಡಿದುಬಿಟ್ಟ. ಮುಚ್ಚಳಗಳನ್ನು ಹೆಕ್ಕಿ ಒಂದೊಂದಕ್ಕೆ ಒಂದೊಂದು ಮುಚ್ಚಿ, ಏನೂ ಒಡೆಯಲಿಲ್ಲವಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಗುರುವಾರ ಬೆಳಿಗ್ಗೆ ಅವನ ಗಾಡಿ ಕೈಕೊಟ್ಟಿತು. ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ, ಬೀದಿಗೆಲ್ಲ ಮಾವನಾದ ತಿಯೊ ಗಿಲ್, ಮಾಡಲು ಕೆಲಸವಿಲ್ಲದ್ದರಿಂದ, ತಾನೇ ಕಾಲೇಜಿಗೆ ಬಿಟ್ಟು ಲ್ಯಾಬಿನೊಳಕ್ಕೂ ಬಂದ. ಎವರಿಸ್ಟೊ ಕಪಾಟು ತೆರೆದ. ಎರಡು ತಟ್ಟೆ ಬೋಳು. ಮೂರನೆಯದರಲ್ಲಿ ಕಾಡು ಬೆಳೆದಿತ್ತು. ಹಳದಿ, ಬಿಳಿ, ಬೂದು, ಒಂದರ ಮೇಲೊಂದು.

“ಅಬ್ಬಬ್ಬಾ, ಇದೇನೋ ಇದು? ಯಾರದೋ?” ಎನ್ನುತ್ತ ಗಿಲ್ ಕನ್ನಡಕ ಏರಿಸಿಕೊಂಡು ಮುಚ್ಚಳ ಓದಿದ. “ಡಿಯೊಲಿಂಡಾ! ಅಯ್ಯೋ ದೇವರೇ, ಹೋದ ವರ್ಷ ಅವಳ ಸಾರು ಮೂರು ಬಟ್ಟಲು ಕುಡಿದಿದ್ದೆ ಕಣೋ!”

“ಯಾರಿಗೂ ಹೇಳ್ಬೇಡಿ ತಿಯೊ, ನಿಮ್ಮ ದಮ್ಮಯ್ಯ.”

“ನಾನಾ? ನನ್ನ ಬಾಯಿಗೆ ಬೀಗ.”

ಬೀಗದ ಕೈ ಇದ್ದದ್ದೂ ಅದೇ ಬಾಯೊಳಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು. ಬೇಕರಿಯಲ್ಲಿ ಡಿಯೊಲಿಂಡಾಳ ಸಿಂಕಿನಲ್ಲಿ ಹುಳ ಕಂಡವು, ಕ್ಷೌರದ ಅಂಗಡಿಯಲ್ಲಿ ಅವಕ್ಕೆ ಕಾಲು ಬಂದವು, ಚರ್ಚಿನ ಮೆಟ್ಟಿಲು ಹತ್ತುವಾಗ ಹೋದ ವರ್ಷ ಯಾರಿಗೆಲ್ಲ ಹೊಟ್ಟೆ ಕೆಟ್ಟಿತ್ತೆಂಬ ನೆನಪು ಜನಕ್ಕೆ ಒಂದೊಂದಾಗಿ ಬಂತು. ಮಧ್ಯಾಹ್ನಕ್ಕೆ ಎವರಿಸ್ಟೊನ ಫೋನು ಬಡಿದುಕೊಂಡಿತು.

“ನನ್ನ ಉಪ್ಪು ತಿಂದು ನನಗೇ ಕ್ರಿಮಿ ಅಂಟಿಸಿದೆಯಾ? ನಿನ್ನ ಹಾಸಿಗೆ ಅಂಗಳದಲ್ಲಿದೆ. ಇವತ್ತು ಅದೇನೋ ಹೇಳ್ತೀಯಂತಲ್ಲ ಕಾಲೇಜಲ್ಲಿ, ನಾನೂ ಬರ್ತೀನಿ. ನನ್ನ ಮುಖ ನೋಡ್ಕೊಂಡು ಹೇಳು.”

“ತಿಯಾ, ಇದು ಬರೀ ವಿಜ್ಞಾನ...”

“ವಿಜ್ಞಾನಕ್ಕೂ ಚಪ್ಪಲಿ ಏಟು ನೋವಾಗುತ್ತೆ!”

ಅವಳು ಬಂದಳು. ಅವಳ ಹಿಂದೆ ಅರ್ಧ ಬೀದಿ ಬಂತು. ಫಿಲೊಮೆನಾ ಚರ್ಚಿಗೆ ಉಡುವ ನೀಲಿ ಉಡುಪು ಹಾಕಿಕೊಂಡು, ಪ್ರೊಫೆಸರಿಗೆಂದು ಸಿಹಿ ಬ್ರೆಡ್ಡು ಹಿಡಿದು, ಆಗಲೇ ಯಜಮಾನಿಕೆ ಸಿಕ್ಕಿದವಳಂತೆ ಮುಂದಿನ ಬೆಂಚಿನಲ್ಲಿ ಕೂತಳು. ಮೂರು ಕಾಲೇಜಿನಲ್ಲಿ ಪಾಠ ಮಾಡುತ್ತ ಕಾರಿನ ಡಿಕ್ಕಿಯನ್ನೇ ಆಫೀಸು ಮಾಡಿಕೊಂಡಿದ್ದ ಹ್ಯಾನ್ಲನ್‌ಗೆ ತರಗತಿ ಇಷ್ಟು ತುಂಬಿದ್ದು ಹೊಸತು. ಖುಷಿಯಿಂದ ಚಪ್ಪಾಳೆ ತಟ್ಟಿ, “ಶುರು ಮಾಡಿ ಎವರಿಸ್ಟೊ” ಎಂದರು.

ಎವರಿಸ್ಟೊ ತಟ್ಟೆಗಳನ್ನು ಮೇಜಿನ ಮೇಲಿಟ್ಟ. ಒಂದು ಕಡೆ ‘ಎ’, ಇನ್ನೊಂದು ಕಡೆ ಡಿಯೊಲಿಂಡಾಳ ಚಪ್ಪಲಿ.

“ಈ... ಈ ತಟ್ಟೆ ಡಿಯೊಲಿಂಡಾ ಅವರ ಅಡುಗೆಮನೇದು.”

“ಅಂತ ಹೇಗೆ ಗೊತ್ತು?” ಎಂದರು ಹ್ಯಾನ್ಲನ್.

“ಹೆಸರಿದೆ ಮೇಡಂ.”

“ಎಲ್ಲಿದೆ?”

“ಮುಚ್ಚಳ...” ಎಂದವನಿಗೆ ಬೋರ್ಡು, ಅಡಿಗೆರೆ, ಸೋಮವಾರ ಹಾರಿದ ಮುಚ್ಚಳಗಳು ಎಲ್ಲವೂ ಒಟ್ಟಿಗೆ ನೆನಪಾದವು. ಬಾಯಿ ಮುಚ್ಚಿಕೊಂಡಿದ್ದರೆ ಅಂಕ ಉಳಿಯುತ್ತಿತ್ತೇನೋ. ಆದರೆ ಸುಳ್ಳು ಹೇಳಲು ಬೇಕಾದಷ್ಟು ನಿದ್ದೆ ಅವನಿಗೆ ಆಗಿರಲಿಲ್ಲ. “ಮೇಡಂ, ಮುಚ್ಚಳ ಬಿದ್ದುಹೋಗಿದ್ವು. ಯಾವುದು ಯಾವುದರ ಮೇಲಿತ್ತೋ ನೋಡ್ದೆ ಮುಚ್ಚಿಬಿಟ್ಟೆ.”

ಡಿಯೊಲಿಂಡಾ ಎದ್ದುನಿಂತಳು. “ಹಾಗಾದ್ರೆ ಈ ಗಲೀಜು ಇವಳದು!”

“ನಂದಾ? ಕುಂಬಳಕಾಯಿ ಕಳ್ಳಿ ಅಂದ್ರೆ ಹೆಗಲು ಮುಟ್ಕೊಂಡು ನೋಡ್ತಿರೋಳು ನೀನು!” ಎಂದು ಫಿಲೊಮೆನಾ ಬ್ರೆಡ್ಡನ್ನು ವಾಪಸ್ಸು ಮಡಿಲಿಗೆ ಎಳೆದುಕೊಂಡಳು. “ಇವನು ಕಡ್ಡಿ ಹಿಡ್ಕೊಂಡು ಬರ್ತಾನೆ ಅಂತ ಗಿಲ್ ಮೊದಲೇ ಹೇಳಿದ್ದ. ಬ್ಲೀಚ್ ಹಾಕಿ ಮೂರು ಸಲ ತಿಕ್ಕಿದ್ದೆ!”

“ನನಗೂ ಅವನೇ ಹೇಳಿದ್ದು! ನಾನು ನಾಲ್ಕು ಸಲ ತಿಕ್ಕಿದೆ!”

ಗಿಲ್ ಕಿಟಕಿಯಾಚೆಗಿನ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಹ್ಯಾನ್ಲನ್ ಮಾತ್ರ ತಟ್ಟೆಗಳನ್ನು ಒಂದೊಂದಾಗಿ ತಿರುವಿ ದೀಪಕ್ಕೆ ಹಿಡಿದು ನೋಡುತ್ತಿದ್ದರು. “ಇಲ್ಲಿ ನೋಡಿ. ಬೋಳಾಗಿರೋ ಎರಡರಲ್ಲೂ ಜೆಲ್ಲಿ ಮೇಲೆ ಕಡ್ಡಿ ಗೀಚಿದ ಗುರುತಿದೆ. ಅವೇ ಇಬ್ಬರ ಅಡುಗೆಮನೆ. ಬ್ಲೀಚು ಚೆನ್ನಾಗೇ ಕೆಲಸ ಮಾಡಿದೆ. ಕಾಡು ಬೆಳೆದಿದೆಯಲ್ಲ, ಇದರಲ್ಲಿ ಗೀಚೇ ಇಲ್ಲ. ಇದು ಯಾರೂ ಮುಟ್ಟಬಾರದ ಸಾಕ್ಷಿ ತಟ್ಟೆ.”

“ಮತ್ತೆ ಅದರಲ್ಲಿ ಯಾರ ಗಲೀಜು?” ಎಂದರು ಇಬ್ಬರು ಅತ್ತೆಯರೂ ಒಂದೇ ಉಸಿರಿಗೆ.

ತಟ್ಟೆಯನ್ನು ತಳದ ಕಡೆಯಿಂದ ನೋಡಿದರೆ ಕಾಡಿಗೊಂದು ಆಕಾರವಿತ್ತು. ಮೊಟ್ಟೆಯ ಹಾಗೆ ಉದ್ದುರುಟು. ಅದರೊಳಗೆ ಸಾಲುಸಾಲು ಗೆರೆ. ನಟ್ಟನಡುವೆ ಅಡ್ಡಡ್ಡ ಏನೂ ಬೆಳೆಯದ ಒಂದು ಬೋಳು ಪಟ್ಟಿ.

“ಎವರಿಸ್ಟೊ, ನಿಮ್ಮ ಬಲಗೈ ಕೊಡಿ.”

ಹೆಬ್ಬೆರಳನ್ನು ತಟ್ಟೆಯ ಪಕ್ಕ ಹಿಡಿದರು. ಗೇಟಿನ ಗಾಯದ ಗೆರೆ ಅಳತೆ ಮಾಡಿಟ್ಟಂತೆ ಕೂತಿತು. ಆ ದಿನ ಡೈರಿಯಿಂದ ನೇರ ಬಂದು ಗಪ್ಪನೆ ಹಿಡಿದದ್ದು ಇದನ್ನೇ.

ಮೊದಲು ಬಾಯಿ ಬಿಟ್ಟವನು ಗಿಲ್. “ಅಜ್ಜ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ. ಮೊಮ್ಮಗ ಎರಡು ವರ್ಷ ಕಾಲೇಜಿಗೆ ಮಣ್ಣು ಹೊತ್ತು ಜೆಲ್ಲಿ ಮೇಲೆ ಒತ್ತಿದ. ಓದಿದ್ದು ಸಾರ್ಥಕ ಆಯ್ತು ಬಿಡು!”

ತರಗತಿಯೇ ಬಿದ್ದು ಬಿದ್ದು ನಕ್ಕಿತು. ಎವರಿಸ್ಟೊನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅಜ್ಜನ ಹೆಬ್ಬೆಟ್ಟಿನ ಮಾತು ನಿಜಕ್ಕೂ ಚುಚ್ಚಿತು.

“ಈ ಕೈಯಲ್ಲೇ ಇವನು ನಮ್ಮನೆ ಮೇಜಲ್ಲಿ ಬ್ರೆಡ್ಡು ಮುರೀತಿದ್ದ ಕಣೇ ಫಿಲೊಮೆನಾ!”

“ಹಬ್ಬಕ್ಕೆ ಇವನೇ ಸಾರು ಬಡಿಸೋನು ಅಂತ ಬೇರೆ ಇಟ್ಕೊಂಡಿದ್ವಲ್ಲೇ!”

ಎಷ್ಟೋ ವರ್ಷ ಮುಖ ಕೊಟ್ಟು ಮಾತಾಡದ ಇಬ್ಬರು ತೋಳಿಗೆ ತೋಳು ಸೇರಿಸಿಕೊಂಡು, ಸಿಹಿ ಬ್ರೆಡ್ಡನ್ನೂ ಜೊತೆಗೇ ಒಯ್ದು, ಹೊರನಡೆದರು. ಬೀದಿಯೂ ಅವರ ಹಿಂದೆ ಹೋಯಿತು.

ಖಾಲಿ ತರಗತಿಯಲ್ಲಿ ಹ್ಯಾನ್ಲನ್ ಅವನ ಭುಜ ತಟ್ಟಿದರು. “ಅಷ್ಟು ಜನರ ಮುಂದೆ ತಪ್ಪು ಒಪ್ಪಿಕೊಂಡ್ರಲ್ಲ, ವಿಜ್ಞಾನ ಅಂದ್ರೆ ಅದೇ. ನಿಮಗೆ ‘ಎ’ ಕೊಡ್ತಿದೀನಿ.”

ಎವರಿಸ್ಟೊನಿಗೆ ಕಣ್ಣು ತುಂಬಿ ಬಂತು. ಹಾಸಿಗೆ ಅಂಗಳದಲ್ಲಿದ್ದರೇನಂತೆ, ‘ಎ’ ಸಿಕ್ಕಿತಲ್ಲ. ಬೂಟು ದಡದಡ ಸದ್ದು ಮಾಡುತ್ತ ಸಲಹೆಗಾರನ ಕೋಣೆಗೆ ಓಡಿದ. ಈ ಸೆಮಿಸ್ಟರಿನ ಸಲಹೆಗಾರ ಟ್ರೆವರ್ ಎಂಬ ಹೊಸ ಹುಡುಗ, ಕಂಪ್ಯೂಟರಿನಲ್ಲಿ ನೋಡಿ ಮುಖ ಕಿವುಚಿದ.

“ಎ ಬಂದಿದ್ದು ಭಾಳ ಸಂತೋಷ. ಆದ್ರೆ ಸಾರ್, ಇದು ಬಯಾಲಜಿ ಓದದೇ ಇರೋರಿಗೆ ಇರೋ ಬಯಾಲಜಿ. ಬಯಾಲಜಿ ಡಿಗ್ರಿಗೆ ಇದು ನಡೆಯಲ್ಲ. ಯೂನಿವರ್ಸಿಟಿಯವರು ಬೇರೆ ಬಯಾಲಜಿ ಕೇಳ್ತಾರೆ. ಮೊದಲಿಂದ ಶುರು ಮಾಡ್ಬೇಕು.”

“ಬಯಾಲಜಿ ಅಂದ್ರೆ ಬಯಾಲಜಿ ಅಂದಿದ್ರಲ್ಲಾ!”

“ಯಾರಂದಿದ್ದು?”

ಎವರಿಸ್ಟೊ ಕಾಲೆಳೆದುಕೊಂಡು ಹೊರಬಂದರೆ ಹ್ಯಾನ್ಲನ್ ಕಾರಿನ ಡಿಕ್ಕಿಗೆ ಪೆಟ್ಟಿಗೆ ತುಂಬುತ್ತಿದ್ದರು. ಸಂಗತಿ ಕೇಳಿ ಅವರ ಮುಖ ಅರಳಿತು. “ಆ ಕ್ಲಾಸೂ ನನ್ನದೇ! ಮೊದಲ ಪ್ರಯೋಗವೂ ಇದೇ. ಅಲ್ಲಿ ಎರಡು ಅಡುಗೆಮನೆ ಸಾಲಲ್ಲ, ಹನ್ನೆರಡು ಬೇಕು. ನಿಮಗೇನು ಬಿಡಿ, ಬೀದಿಯೆಲ್ಲ ನಿಮ್ಮವರೇ.”

ಸಂಜೆ ಎವರಿಸ್ಟೊ ನಡೆದೇ ಮನೆಯತ್ತ ಬಂದ. ಗಿಲ್ ಅವನನ್ನು ಬಿಟ್ಟು ಮೊದಲೇ ಬಂದಿದ್ದ, ಸುದ್ದಿಯೂ ಅವನ ಜೊತೆ ಬಂದಿತ್ತು. ಬೀದಿಗೆ ಕಾಲಿಡುತ್ತಿದ್ದಂತೆ ಒಂದು ಮನೆಯ ಚಿಲಕ ಬಿತ್ತು, ಆಮೇಲೆ ಇನ್ನೊಂದರದು, ಮತ್ತೊಂದರದು. ಹಾಸಿಗೆ ಡಿಯೊಲಿಂಡಾಳ ಅಂಗಳದಲ್ಲಿ ಸುರುಳಿ ಸುತ್ತಿಕೊಂಡು ಕೂತಿತ್ತು. ಕ್ಷಮೆ ಕೇಳಿ ನೋಡೋಣ ಎಂದು ಮೆಟ್ಟಿಲು ಹತ್ತಿ, ಬೆಲ್ಲಿನ ಕಡೆ ಹೆಬ್ಬೆರಳು ಚಾಚಿದ.

ಒಳಗಿನಿಂದ ಇಬ್ಬರು ಅತ್ತೆಯರೂ ಒಟ್ಟಿಗೇ ಚೀರಿದರು. “ಮುಟ್ಬೇಡ! ಈಗಷ್ಟೇ ತೊಳೆದಿದೀವಿ!”