ಕುಂಡಲಿ ಕೂಡದ ರ‍್ಯಾಮ್

ನಮ್ಮ ಸೋದರಮಾವ ಒಂದೇ ಜೊತೆಯ ಎರಡು ಚಪ್ಪಲಿ ಹಾಕಿಕೊಂಡಿದ್ದನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ. ನೀವು ಎಲ್ಲಾದರೂ ನೋಡಿದ್ದರೆ, ಅದು ಅವರಲ್ಲ, ಅವರ ಹಾಗೆ ಕಾಣುವ ಬೇರೆ ಯಾರೋ! ಬಲಗಾಲಿಗೆ ಕಂದು ಚರ್ಮದ್ದು, ಎಡಗಾಲಿಗೆ ನೀಲಿ ಪಟ್ಟಿಯ ಹವಾಯಿ. ಕೇಳಿದರೆ, "ಒಂದು ಹರದದ ಅಂತ ಇನ್ನೊಂದನ್ನ ಯಾಕ ಒಗೀಬೇಕ್ರಿ? ಅದರ ತಪ್ಪೇನದ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಇದಕ್ಕೆ ಯಾರು ಏನು ಹೇಳಬೇಕು?

ಅಫಜಲಪುರದಲ್ಲಿ ಮಾಮಾನದು ರೇಡಿಯೋ, ಟಿ.ವಿ. ರಿಪೇರಿ ಅಂಗಡಿ. ಅಲ್ಲಿನ ಫ್ಯಾನಿಗೆ ಮೂರು ರೆಕ್ಕೆ, ಮೂರೂ ಬೇರೆ ಬೇರೆ ಫ್ಯಾನಿನವು. ಅದು ತಿರುಗತೊಡಗಿದರೆ ಗಿರಾಕಿಗಳು ಬಾಗಿಲಲ್ಲೇ ನಿಂತು ಮಾತು ಮುಗಿಸುತ್ತಿದ್ದರು. ಮಾಮಾ ಮಾತ್ರ ಸರಿಯಾಗಿ ಅದರ ಕೆಳಗೇ ಕೂತು ಹೇಳುತ್ತಿದ್ದರು: "ನಾವು ಶರಣರ ಒಕ್ಕಲ್ರಿ. ಕುಂಡಲಿ ನೋಡಿ ಲಗ್ನ ಮಾಡೋ ಮಂದಿ ಅಲ್ಲ. ಇವು ಮೂರೂ ಹನ್ನೊಂದು ವರ್ಷದಿಂದ ಸಂಸಾರ ಮಾಡಾಕತ್ತಾವ. ಒಂದು ದಿನನೂ ಜಗಳಾಡಿಲ್ಲ!" ನಮ್ಮ ಮನೆತನದಲ್ಲಿ ಮದುವೆಗೆ ಜಾತಕ ನೋಡುವುದಿಲ್ಲ, ನಿಜ. ಅದಕ್ಕೆ ಎಲ್ಲರಿಗೂ ಹೆಮ್ಮೆಯೂ ಇದೆ. ಆದರೆ ಆ ಮಾತನ್ನು ಫ್ಯಾನಿಗೂ ಹಚ್ಚಿದವರು ಇಡೀ ಬಳಗದಲ್ಲಿ ಇವರೊಬ್ಬರೇ.

ಇಂಥವರ ಕೈಗೆ ನನ್ನ ಕಂಪ್ಯೂಟರ್ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನಾಗಿತ್ತು?

ಇದು ತೊಂಬತ್ತೆಂಟರ ಮಾತು. ಆಳಂದದಲ್ಲಿ ನಾನೊಂದು ಡಿ.ಟಿ.ಪಿ. ಅಂಗಡಿ ತೆರೆದಿದ್ದೆ. ಕೋಣೆ ಅಪ್ಪನದು. ಅಪ್ಪನಿಗೆ ಗೊಬ್ಬರದ ವ್ಯಾಪಾರ. ಆ ಕೋಣೆಯಲ್ಲಿ ಚೀಲ ಒಟ್ಟಬೇಕೆಂಬುದು ಅವರ ಬಹುದಿನದ ಆಸೆ. ಹೆಣ್ಣುಮಗಳು ಅಂಗಡಿಯಲ್ಲಿ ಕೂರುವುದೂ ಅವರಿಗೆ ಅಷ್ಟಕ್ಕಷ್ಟೇ. ಆರು ತಿಂಗಳು ಲಗ್ನಪತ್ರಿಕೆ, ಅರ್ಜಿ ಅಂತ ಹೇಗೋ ದೂಡಿದ ಮೇಲೆ ಒಂದು ದೊಡ್ಡ ಕೆಲಸ ಬಂತು. ನಿಂಬರ್ಗಾದ ನಿವೃತ್ತ ಹೆಡ್ ಮಾಸ್ತರರೊಬ್ಬರು ತೊಗರಿ ಬೆಳೆಯ ಬಗ್ಗೆ ನೂರಿಪ್ಪತ್ತು ಪುಟದ ಪುಸ್ತಕ ಬರೆದಿದ್ದರು. ಸೋಮವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅವರು ಪುಟಗಳನ್ನು ಒಯ್ದು ಕಲಬುರ್ಗಿಯ ಪ್ರೆಸ್ಸಿಗೆ ಮುಟ್ಟಿಸುವವರಿದ್ದರು.

ಅಪ್ಪ ಅಂದರು: "ನೋಡವ್ವಾ, ಇದೊಂದು ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸು, ಅಂಗಡಿ ನಿಂದು. ಇಲ್ಲಂದ್ರ ಸೋಮವಾರ ಕೀಲಿ ನನ್ನ ಕೈಯಾಗ ಇಡು."

ಅಕ್ಷರಗಳೇನೋ ಸಲೀಸಾಗಿ ಬಂದವು. ತೊಂದರೆ ಬಂದದ್ದು ಹುಳುಗಳಿಂದ. ಪುಸ್ತಕದಲ್ಲಿ ತೊಗರಿ ತಿನ್ನುವ ಹನ್ನೊಂದು ಹುಳುಗಳ ಚಿತ್ರಗಳಿದ್ದವು. ಮೊದಲ ಹುಳು ತೆರೆದರೆ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು, ಎರಡನೆಯದಕ್ಕೆ ನರಳುತ್ತಿತ್ತು, ಮೂರನೆಯದಕ್ಕೆ ನಿಂತೇ ಬಿಡುತ್ತಿತ್ತು! ರ‍್ಯಾಮ್ ಸಾಲದು ಎಂದು ತಿಳಿದವರು ಹೇಳಿದರು. ರ‍್ಯಾಮ್ ಎಂದರೆ ಕಂಪ್ಯೂಟರಿಗೆ ನೆನಪು ಕೊಡುವ, ಬೆರಳುದ್ದದ ಹಸಿರು ಪಟ್ಟಿ. ನನ್ನ ಮಷೀನಿನಲ್ಲಿ ಎರಡಿದ್ದವು, ಇನ್ನೆರಡಕ್ಕೆ ಜಾಗ ಖಾಲಿ ಇತ್ತು. ಆದರೆ ಆ ಕಾಲದ ಮಷೀನಿಗೆ ಒಂದು ಹಟ: ಹಾಕುವ ಎರಡೂ ಪಟ್ಟಿಗಳು ಒಂದೇ ಅಳತೆಯ, ಒಂದೇ ವೇಗದ ಜೋಡಿಯಾಗಿರಬೇಕು. ಅಂಥ ಜೋಡಿ ತಂದು ಹಾಕಿಕೊಡಿರೆಂದು ಮಾಮಾನಿಗೆ ಫೋನಿನಲ್ಲಿ ಮೂರು ಸಲ ಹೇಳಿದೆ. ಮೂರು ಸಲವೂ ಅವರು "ಹೂಂ" ಅಂದರು. ಆ "ಹೂಂ" ನಂಬಿದ್ದೇ ನನ್ನ ತಪ್ಪು.

ಶನಿವಾರ ಮಧ್ಯಾಹ್ನ ಮಾಮಾ ಬಂದರು. ಎಲೆಅಡಿಕೆ ಡಬ್ಬಿ ತೆರೆದು, ಸುಣ್ಣದ ಪಕ್ಕದಿಂದ ಎರಡು ಪಟ್ಟಿ ತೆಗೆದರು. ಒಂದು ಗಿಡ್ಡಕ್ಕಿತ್ತು, ಇನ್ನೊಂದು ಎತ್ತರಕ್ಕಿತ್ತು. ಒಂದರ ಮೇಲೆ ಎಂಟು ಕಪ್ಪು ಚಿಪ್, ಇನ್ನೊಂದರ ಮೇಲೆ ಎರಡೇ.

"ಮಾಮಾ, ಇವು ಜೋಡಿ ಅಲ್ರಿ!"

"ಇದು ಜೇವರ್ಗಿ ಹೆಣ್ಣು, ಇದು ಕಲಬುರ್ಗಿ ಗಂಡು. ಕೂಡಸೋದು ನನ್ನ ಕೆಲಸ. ನೀ ಫಿಕರ್ ಮಾಡಬ್ಯಾಡ ಬೇ."

ಜೇವರ್ಗಿಯಲ್ಲಿ ಮುಚ್ಚಿಹೋದ ಕಂಪ್ಯೂಟರ್ ಟೈಪಿಂಗ್ ಕ್ಲಾಸೊಂದರಿಂದ ಒಂದನ್ನು, ಕಲಬುರ್ಗಿಯ ಗುಜರಿಯಿಂದ ಇನ್ನೊಂದನ್ನು ತಂದಿದ್ದರಂತೆ. ಹಾಕಿ ಸ್ವಿಚ್ ಒತ್ತಿದರು. ಪೀಂ, ಪೀಂ, ಪೀಂ! ಪರದೆ ಕಪ್ಪು. "ಹೊಸ ಸೊಸಿ ಮೊದಲನೇ ದಿನ ಅಳೋದಿಲ್ಲೇನು?" ಅಂದರು. ಪಟ್ಟಿ ತೆಗೆದು, ಶಾಲೆ ಮಕ್ಕಳ ರಬ್ಬರಿನಿಂದ ಅದರ ಹಲ್ಲು ತಿಕ್ಕಿ ಮತ್ತೆ ಹಾಕಿದರು. ಪೀಂ, ಪೀಂ, ಪೀಂ! ನನ್ನ ಹಳೆಯ ಪಟ್ಟಿಗಳನ್ನೂ ಕಿತ್ತು, ಹಳೆಯದಕ್ಕೊಂದು ಹೊಸದು, ಹೊಸದಕ್ಕೊಂದು ಹಳೆಯದು ಮಾಡಿದರು. ಏಳನೆಯ ಸಲಕ್ಕೆ ಪರದೆ ಬೆಳಗಿತು! ಮಾಮಾ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಮಗಳ ಬೀಗರನ್ನು ಒಪ್ಪಿಸಿ ಬಂದವರ ನೋಟ.

ಮೂರನೆಯ ಹುಳು ತೆರೆಯಿತು. ನಾಲ್ಕನೆಯದೂ ತೆರೆಯಿತು. ಖುಷಿಯಿಂದ ಕಡತ ಉಳಿಸಲು ಗುಂಡಿ ಒತ್ತಿದೆ. ಪರದೆ ತುಂಬಾ ನೀಲಿ ಬಣ್ಣ, ಮಷೀನು ಕೈಯೆತ್ತಿತೆಂಬ ಗುರುತು.

ಮತ್ತೆ ಚಾಲೂ ಮಾಡಿದಾಗ ಕಡತ ಕೆಟ್ಟುಹೋಗಿತ್ತು. ಫ್ಲಾಪಿಯಲ್ಲಿ ಇಟ್ಟುಕೊಂಡ ಪ್ರತಿಯಲ್ಲಿ ಕೊನೆಯ ನಲವತ್ತು ಪುಟಗಳಿರಲಿಲ್ಲ. ಆರು ತಿಂಗಳ ಅಂಗಡಿ ಗೊಬ್ಬರದ ಚೀಲಗಳ ಕೆಳಗೆ ಹೋದಂತೆ ಕಂಡಿತು. ನನ್ನ ಬಾಯಿಂದ ಬರಬಾರದ ಮಾತು ಬಂದುಬಿಟ್ಟಿತು.

"ಜೋಡಿ ಅಂದ್ರ ಏನಂತ ನಿಮಗ ಗೊತ್ತೇ ಇಲ್ಲ ಮಾಮಾ! ಬೇಜೋಡಿ ಚಪ್ಪಲಿ ಹಾಕ್ಕೊಂಡು ಊರ ಮಂದಿ ಕಡೆ ನಗಿಸಿಕೋತೀರಿ, ಈಗ ನನ್ನ ಬಾಳನ್ನೂ ಹಂಗೇ ಮಾಡಿದ್ರಿ. ನನ್ನ ಅಂಗಡಿ ಮುಟ್ಟಬ್ಯಾಡ್ರಿ!"

ಮಾಮಾ ತಮ್ಮ ಎರಡು ಪಟ್ಟಿ ಡಬ್ಬಿಯಲ್ಲಿಟ್ಟುಕೊಂಡು, ನನ್ನವನ್ನು ಮೊದಲಿನಂತೆ ಕೂರಿಸಿ, ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವ್ವ ಬಡಿಸಿಟ್ಟ ಜೋಳದ ರೊಟ್ಟಿ ತಟ್ಟೆಯಲ್ಲೇ ಒಣಗಿತು.

ರವಿವಾರ ಬೆಳಿಗ್ಗೆ ನಾನು ಪುಟಗಳನ್ನು ಮತ್ತೆ ಟೈಪು ಮಾಡುತ್ತ ಕೂತಿದ್ದೆ, ಹುಳುಗಳ ಗತಿ ಏನೆಂದು ಗೊತ್ತಿಲ್ಲದೆ. ಮೊದಲ ಬಸ್ಸಿಗೇ ಮಾಮಾ ಬಂದಿಳಿದರು. ಡಬ್ಬಿಯಿಂದ ಎರಡು ಪಟ್ಟಿ ತೆಗೆದರು. ಒಂದೇ ಅಳತೆ, ಒಂದೇ ಚೀಟಿ, ಒಂದೇ ಹೆಸರು, ತದ್ರೂಪ ಜೋಡಿ! ಹಾಕಿದರು. ಒಂದೇ ಸಲಕ್ಕೆ ಪರದೆ ಬೆಳಗಿತು. ಹನ್ನೊಂದೂ ಹುಳುಗಳು ಸಾಲಾಗಿ ಬಂದು ಕೂತವು. "ಬರ್ತೇನಿ ಯವ್ವಾ" ಅಂದು ಹೊರಟೇ ಹೋದರು. ಎಲ್ಲಿಂದ ತಂದಿರಿ ಎಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ. ಸುಳ್ಳೇಕೆ, ಕೋಪವೂ ಇನ್ನೂ ಇಳಿದಿರಲಿಲ್ಲ.

ಸೋಮವಾರ ಎಂಟೂವರೆಗೆ ಮಾಸ್ತರರ ಕೈಗೆ ನೂರಿಪ್ಪತ್ತು ಪುಟ ಕೊಟ್ಟೆ. ಅಪ್ಪ ಕೀಲಿ ಕೇಳಲಿಲ್ಲ. ಗೊಬ್ಬರಕ್ಕೆ ಬೇರೆ ಕೋಣೆ ಹುಡುಕಿದರು.

ಎರಡು ತಿಂಗಳಾದ ಮೇಲೆ ಗೊಬ್ಬೂರಿನ ಒಂದು ಲಗ್ನ ಮುಗಿಸಿಕೊಂಡು ಅಫಜಲಪುರಕ್ಕೆ ಹೋದೆ. ಮಾಮಾನ ಅಂಗಡಿಯ ಮುಂದೆ ಹೊಸ ಬೋರ್ಡು: ಕಂಪ್ಯೂಟರ್ ಕ್ಲಾಸ್. ಒಳಗೆ ನಾಲ್ಕು ಜನ ಶಾಲಾ ಶಿಕ್ಷಕರು ಒಂದು ಮಷೀನಿನ ಮುಂದೆ ಕೈ ಕಟ್ಟಿ ಕೂತಿದ್ದರು. ಪರದೆ ತುಂಬಾ ನೀಲಿ. ಮಷೀನಿನ ಮೇಲೆ ಮಾಮಾನ ಕೈಬರಹದ ಚೀಟಿ: "ಐದು ನಿಮಿಷಕ್ಕೊಮ್ಮೆ ತಪ್ಪದೆ ಉಳಿಸಿರಿ."

"ಕಂಪ್ಯೂಟರ್ ಅಂದ್ರ ಹಿಂಗೇ ಇರ್ತದ್ರಿ ಸರ್, ಜರಾ ದಮ್ ತೊಗೋತದ," ಎಂದು ಮಾಮಾ ಅವರಿಗೆ ಸಮಾಧಾನ ಹೇಳುತ್ತಿದ್ದರು. ಮಷೀನಿನ ಪಕ್ಕದ ಮುಚ್ಚಳ ತೆರೆದೇ ಇತ್ತು. ನಾನು ಬಗ್ಗಿ ನೋಡಿದೆ. ಒಳಗೆ ಜೇವರ್ಗಿ ಹೆಣ್ಣು, ಕಲಬುರ್ಗಿ ಗಂಡು.

ಕ್ಲಾಸಿಗೆಂದು ಹೊಸದಾಗಿ ತಂದಿದ್ದ ಮಷೀನಿನ ಜೋಡಿಯನ್ನೇ ಕಿತ್ತು ಅವತ್ತು ನನಗೆ ತಂದುಕೊಟ್ಟಿದ್ದರು.

"ಯಾಕ ಮಾಮಾ? ಕುಂಡಲಿ ನೋಡೋದಿಲ್ಲ ಅಂತಿದ್ರಲ್ಲ?"

ಮಾಮಾ ಸ್ವಿಚ್ ಆರಿಸಿ, ಮತ್ತೆ ಹಚ್ಚಿ, ಪರದೆ ಬೆಳಗುವುದನ್ನೇ ಕಾಯುತ್ತ ಅಂದರು: "ನಮಗಂತ ನೋಡೋದಿಲ್ಲ ಬೇ. ಮಗಳಿಗಿ ಕೊಡೋ ಮುಂದ ಒಂದೀಟು ನೋಡ್ತೇವಿ."