ಅಮ್ಮನ ಲೆಕ್ಕದ ವಯಸ್ಸು ಮತ್ತು ಎದೆಬಡಿತ

ವಯಸ್ಸು ಮುಚ್ಚಿಡುವ ಚಟ ಕೆಲವರಿಗಿರುತ್ತದೆ. ನನಗೆ ಅದಿರಲಿಲ್ಲ; ನನ್ನದು ವಯಸ್ಸಿನ ಬಗ್ಗೆ ದೂರುವ ಚಟ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಹೆಡ್ ಮಾಸ್ತರು ತಮಗೆ ತೋಚಿದ ಜನ್ಮದಿನವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದ ಕಾಲದವನು ನಾನು. ನನ್ನನ್ನು ಬೇಗ ಶಾಲೆಗೆ ತಳ್ಳಲು ಮನೆಯವರು ಎರಡು ವರ್ಷ ಹೆಚ್ಚಿಗೆ ಬರೆಸಿದ್ದಾರೆ, ಆ ಎರಡು ವರ್ಷದ ನೌಕರಿ ನನಗೆ ನಷ್ಟ ಎಂದು ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೆ. ಯಾರು ಹೇಳಿದರು ಎಂದು ಕೇಳಬೇಡಿ. ನನ್ನ ಓರಗೆಯವರೆಲ್ಲ ಹಾಗೆ ಹೇಳುತ್ತಿದ್ದರು, ನಾನೂ ಹೇಳಿದೆ. ಕೇಳಿದವರು ಮರುಕಪಟ್ಟು ಎಷ್ಟೋ ಸಲ ಕಾಫಿ ಕೊಡಿಸಿದ್ದಾರೆ.

ವಿಜಯನಗರದಲ್ಲಿ ಮೆಟ್ರೋ ಕಂಬಗಳಿಗಾಗಿ ಗುಂಡಿ ತೋಡುತ್ತಿದ್ದ ಆ ವರ್ಷ ನಾನು ಓಡಲು ಶುರುಮಾಡಿದೆ. ಕಾರಣ ನನ್ನ ಹೊಟ್ಟೆ ಮತ್ತು ನನ್ನ ಭಾವಮೈದ ರಮೇಶ. ಬಸವೇಶ್ವರನಗರದ ಈ ರಮೇಶನಿಗೆ ದೂರದ ಓಟದ ಹುಚ್ಚು. ಹತ್ತು ಕಿಲೋಮೀಟರ್ ಓಟವೊಂದಕ್ಕೆ ನನ್ನ ಹೆಸರನ್ನೂ ಬರೆಸಿ, ತನ್ನ ಹಳೆಯ ಸಾಮಾನನ್ನು ತಂದುಕೊಟ್ಟ. ಎದೆಗೆ ಕಟ್ಟಿಕೊಳ್ಳಲು ಒಂದು ಪಟ್ಟಿ, ಅದು ಲೆಕ್ಕ ಹಾಕಿದ ಎದೆಬಡಿತವನ್ನು ತೋರಿಸಲು ಒಂದು ಗಡಿಯಾರ. “ಭಾವ, ಎಲ್ರೂ ಮಾಡೋ ತಪ್ಪು ಅಂದ್ರೆ ಜೋರಾಗಿ ಓಡೋದು. ನೂರೆಂಬತ್ತರಲ್ಲಿ ನಿಮ್ಮ ವಯಸ್ಸು ಕಳೀರಿ. ಬಡಿತ ಅದಕ್ಕಿಂತ ಜಾಸ್ತಿ ಆದ್ರೆ ಇದು ಪೀ ಪೀ ಅನ್ನತ್ತೆ, ತಕ್ಷಣ ನಿಧಾನ ಮಾಡಿ. ಮೂರು ತಿಂಗಳು ಹೀಗೆ ಓಡಿ, ಸ್ಪೀಡು ತಾನಾಗೇ ಬರತ್ತೆ” ಎಂದ. ದಾಖಲೆಯ ಪ್ರಕಾರ ನನಗೆ ನಲವತ್ತೆಂಟು. ಅಂದರೆ ನೂರ ಮೂವತ್ತೆರಡು ಬಡಿತ ನನ್ನ ಗಡಿ. ಮೊದಲ ದಿನ ಪಟ್ಟಿಯನ್ನು ಮೈಗೆ ತಾಗುವಂತೆ ಕಟ್ಟದೆ ಬನಿಯನ್ನಿನ ಮೇಲೆ ಕಟ್ಟಿಕೊಂಡುಬಿಟ್ಟೆ. ಗಡಿಯಾರ ಸೊನ್ನೆ ತೋರಿಸಿತು. ಹೆಂಡತಿ ಬಗ್ಗಿ ನೋಡಿ, “ಹಾಗಾದ್ರೆ ತಿಂಡಿ ನನಗೂ ಅತ್ತೆಗೂ ಮಾತ್ರ ಮಾಡ್ಲಾ?” ಎಂದಳು.

ನಾನು ಓಡುತ್ತಿದ್ದುದು ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ. ಓಡುತ್ತಿದ್ದೆ ಎನ್ನುವುದು ನನ್ನ ಅಭಿಪ್ರಾಯ. ನೋಡುವವರಿಗೆ ಹಾಗೆ ಕಾಣುತ್ತಿರಲಿಲ್ಲ. ನಾಲ್ಕು ಹೆಜ್ಜೆ ಚುರುಕಾದರೆ ಗಡಿಯಾರ ಪೀ ಪೀ ಎನ್ನುತ್ತಿತ್ತು. ಅದೇ ಪಾರ್ಕಿಗೆ ಪುಟ್ಟಸ್ವಾಮಿ ಮಾಸ್ತರು ವಾಕಿಂಗ್ ಬರುತ್ತಿದ್ದರು. ರಿಟೈರ್ ಆಗಿ ಹನ್ನೆರಡು ವರ್ಷವಾಗಿತ್ತು. ತಲೆಗೆ ಮಂಕಿ ಕ್ಯಾಪು, ಎರಡೂ ಕೈ ಬೆನ್ನ ಹಿಂದೆ. ನಾನು ಓಡುತ್ತಿರುವಾಗ ಅವರು ನಡೆದುಕೊಂಡೇ ನನ್ನನ್ನು ದಾಟಿ ಹೋಗುತ್ತಿದ್ದರು. “ಏನ್ ಸಾರ್, ಕಾಲು ನೋವಾ?” ಎಂದು ಮೊದಲ ಸುತ್ತಿನಲ್ಲಿ. “ನಿಧಾನ ಸಾರ್, ಅರ್ಜೆಂಟ್ ಏನಿಲ್ಲ” ಎಂದು ಎರಡನೆಯದರಲ್ಲಿ. ಅವರ ಕರುಣೆ ನಿಜವಾದದ್ದು, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. ಮೂರನೇ ವಾರದ ಹೊತ್ತಿಗೆ ಹತ್ತು ಕಿಲೋಮೀಟರಿನ ಆಸೆ ಹೋಗಿ, ಮಾಸ್ತರನ್ನು ಒಂದೇ ಒಂದು ಸಲ ಹಿಂದೆ ಹಾಕಬೇಕು ಎಂಬ ಆಸೆಯೊಂದೇ ಉಳಿಯಿತು. ಒಮ್ಮೆ ಅವರ ಹೆಗಲಿನವರೆಗೂ ಬಂದಿದ್ದೆ. ಆಗಲೇ ಗಡಿಯಾರ ಕೂಗಿಕೊಂಡಿತು.

ಆಗ ಹೊಳೆಯಿತು. ನನ್ನ ನಿಜವಾದ ವಯಸ್ಸು ನಲವತ್ತಾರಲ್ಲವೇ? ಎರಡು ವರ್ಷ ಇಳಿದರೆ ಎರಡು ಬಡಿತ ಹೆಚ್ಚಿಗೆ ಸಿಗುತ್ತದೆ. ಮಾಸ್ತರನ್ನು ದಾಟಲು ಅಷ್ಟು ಸಾಕು. ರಮೇಶನಿಗೆ ಫೋನ್ ಮಾಡಿದರೆ, “ಸುಮ್ನೆ ಬಾಯಿಮಾತಲ್ಲಿ ಬೇಡ ಭಾವ, ನಿಮ್ಮಮ್ಮನ್ನ ಕೇಳಿ ಗ್ಯಾರಂಟಿ ಮಾಡ್ಕೊಳ್ಳಿ” ಎಂದ.

ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. “ಶಾಲೆಗೆ ಸೇರಿಸುವಾಗ ಅಪ್ಪ ಎರಡು ವರ್ಷ ಜಾಸ್ತಿ ಬರೆಸಿದ್ರು, ಅಲ್ವಾ ಅಮ್ಮ?” ಎಂದೆ.

“ಜಾಸ್ತೀನಾ? ಮೂರು ವರ್ಷ ಕಮ್ಮಿ ಬರೆಸಿದ್ರು ಕಣೋ. ಹುಡುಗ ಪೀಚಲು, ಯಾರಿಗೂ ಗೊತ್ತಾಗಲ್ಲ, ಮುಂದೆ ಸರ್ವೀಸು ಜಾಸ್ತಿ ಸಿಗತ್ತೆ ಅಂತ ನಿಮ್ಮಪ್ಪನ ಯೋಚನೆ.”

“ನಿಂಗೆ ಸರಿಯಾಗಿ ನೆನಪಿದ್ಯಾ?”

“ಹೆತ್ತೋಳಿಗೆ ನೆನಪಿರಲ್ವಾ? ನೀನು ಹುಟ್ಟಿದ ತಿಂಗಳೇ ನಮ್ಮನೆಗೆ ಕರೆಂಟು ಬಂದಿದ್ದು. ಬಾಣಂತಿ ಕೋಣೆಗೆ ಅಂತಾನೇ ಲೈಟು ಹಾಕ್ಸಿದ್ರು. ರಸೀದಿ ಟ್ರಂಕಲ್ಲಿದೆ, ನೋಡ್ಕೊ ಹೋಗು.”

ನೋಡಿದೆ. ರಸೀದಿ ಇತ್ತು, ತಾರೀಖೂ ಇತ್ತು. ನನಗೆ ಐವತ್ತೊಂದು. ಕಳೆದುಕೊಂಡೆ ಎಂದು ಇಪ್ಪತ್ತು ವರ್ಷ ಗೋಳಾಡಿದವನು ಮೂರು ವರ್ಷದ ನೌಕರಿಯನ್ನು ಪುಕ್ಕಟೆ ಹೊಡೆದುಕೊಂಡಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಬೇಜಾರಾದದ್ದು ಮೂರು ಬಡಿತ ಹೋಯಿತಲ್ಲ ಎಂದು. ಆಫೀಸನ್ನು ನಂಬಿಸಬಹುದು, ಹೃದಯಕ್ಕೆ ಯಾವ ರಿಜಿಸ್ಟರ್ ತೋರಿಸಲಿ? ಗಡಿಯಾರದಲ್ಲಿ ಗಡಿಯನ್ನು ನೂರ ಇಪ್ಪತ್ತೊಂಬತ್ತಕ್ಕೆ ಇಳಿಸಿದೆ.

ಮಾರನೆಯ ಬೆಳಿಗ್ಗೆ ನನ್ನ ಓಟ ಇನ್ನೂ ನಿಧಾನವಾಯಿತು. ಮಾಸ್ತರು ಮೂರು ಸಲ ದಾಟಿದರು. ನಾಲ್ಕನೇ ಸಲ ದಾಟಲು ಮನಸ್ಸಾಗದೆ ನಿಂತೇಬಿಟ್ಟರು. ನಾನೂ ನಿಂತೆ. “ತಪ್ಪು ತಿಳ್ಕೋಬೇಡಿ ಸಾರ್. ತಮಗೆ ವಯಸ್ಸೆಷ್ಟು?” ಎಂದರು.

ನಿಂತದ್ದರಿಂದ ಬಡಿತ ನೂರ ಇಪ್ಪತ್ತಕ್ಕೆ ಇಳಿದಿತ್ತು. “ನಲವತ್ತೆಂಟು” ಎಂದೆ.

ಗಡಿಯಾರ ಪೀ ಪೀ ಎಂದಿತು.

“ಅದೇನ್ ಸಾರ್ ಶಬ್ದ?”

“ಅಲಾರಂ ಸಾರ್. ಆಫೀಸಿಗೆ ಟೈಮಾಯ್ತು” ಎಂದೆ. ಅದು ಇನ್ನೂ ಜೋರಾಗಿ ಕೂಗತೊಡಗಿತು. ನಾವಿಬ್ಬರೂ ನಿಂತೇ ಇದ್ದೆವು.